ಬೀಗರ ತಟ್ಟೆಯ ಸೀಬೆಗೆ ಪದರ ಹೊದಿಸಿದ್ದು

ನಾನು ಸೋತೆ ಎಂದು ಮನೆಯವರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಒಪ್ಪುವುದಿಲ್ಲ! ನಡೆದದ್ದನ್ನು ಹೇಳುತ್ತೇನೆ, ನೀವೇ ತೀರ್ಮಾನಿಸಿ.

ಮಗಳು ಚೈತ್ರಾಳ ನಿಶ್ಚಿತಾರ್ಥ ಕುಣಿಗಲ್‌ನಲ್ಲಿ, ಹುಡುಗನ ಮನೆಯಲ್ಲಿ. ಹಣ್ಣಿನ ತಟ್ಟೆಗೆ ಅಂಗಡಿಯದು ಬೇಡ, ಹಾಗಲವಾಡಿಯ ನಮ್ಮ ತೋಟದ ಸೀಬೆಯನ್ನೇ ತರುತ್ತೇನೆ ಎಂದು ಬೀಗರೆದುರು ಮಾತು ಕೊಟ್ಟಿದ್ದೆ. ಸೀಬೆಗೆ ಮುಹೂರ್ತ ತಿಳಿಯಬೇಕಲ್ಲ! ವಾರ ಮುಂಚೆಯೇ ಹಣ್ಣಾಗಿ ತುಮಕೂರಿನ ನಮ್ಮ ಮನೆಗೆ ಬಂದು ಕೂತಿತು.

"ರೀ, ಕುಣಿಗಲ್ ಬಸ್‌ಸ್ಟ್ಯಾಂಡಲ್ಲೇ ಹಣ್ಣು ಸಿಗುತ್ತೆ. ಅಲ್ಲೇ ತಗೊಳೋಣ," ಎಂದಳು ಹೆಂಡತಿ ಗಿರಿಜಾ.

"ಮಾತು ಕೊಟ್ಟಿದೀನಿ ಕಣೇ!"

ಮಗಳು ಕಾಲೇಜಿನಲ್ಲಿ ಸಂಶೋಧನೆ ಮಾಡುವವಳು. ಹಿಂದಿನ ಭಾನುವಾರ ಮನೆಯಲ್ಲೇ ಎರಡು ಬಾಟಲಿ ಇಟ್ಟುಕೊಂಡು ಗಾಜಿನ ಚೂರೊಂದನ್ನು ಅದ್ದಿ ತೋರಿಸಿದ್ದಳು. ಎರಡರಲ್ಲೂ ಪಾಲಿಮರ್, ಅಂದರೆ ದಾರದಂಥ ಉದ್ದುದ್ದ ಅಣುಗಳು. ಒಂದರ ಮೈತುಂಬ ಪ್ಲಸ್ ಚಾರ್ಜು, ಇನ್ನೊಂದರ ಮೈತುಂಬ ಮೈನಸ್ಸು. ಗಾಜಿನ ಮೈ ಮೈನಸ್ಸಾದ್ದರಿಂದ ಪ್ಲಸ್ ದಾರ ಹೋಗಿ ತಬ್ಬಿಕೊಳ್ಳುತ್ತದೆ. ಮೈಯೆಲ್ಲ ಪ್ಲಸ್ ಆದಮೇಲೆ ತನ್ನಂಥದ್ದನ್ನೇ ಹತ್ತಿರ ಸೇರಿಸುವುದಿಲ್ಲ. ಆಗ ನೀರಿನಲ್ಲಿ ತೊಳೆದು ಮೈನಸ್ಸಿನಲ್ಲಿ ಅದ್ದಬೇಕು. ಮತ್ತೆ ತೊಳೆದು ಪ್ಲಸ್ಸಿನಲ್ಲಿ. ಹೀಗೆ ಪದರದ ಮೇಲೆ ಪದರ.

"ಹಣ್ಣಿಗೂ ಹೀಗೆ ಹೊದಿಸ್ತಾರಪ್ಪ, ಬೇಗ ಕೆಡಲ್ಲ," ಎಂದಿದ್ದಳು.

ನನಗೆ ಅಷ್ಟು ಸಾಕಾಯಿತು! ಅವಳು ಕಾಲೇಜಿಗೆ ಹೋದ ಕೂಡಲೇ ಬಾಟಲಿ ತೆಗೆದು ಎರಡು ಬಟ್ಟಲಿಗೆ ಸುರಿದೆ.

ದಪ್ಪಗೆ ಹಿಡಿಯಲಿ ಎಂದು ಸೀಬೆಯನ್ನು ಪ್ಲಸ್ ಬಟ್ಟಲಲ್ಲಿ ಮುಳುಗಿಸಿ, ಊಟ ಮಾಡಿ, ಒಂದು ನಿದ್ದೆ ತೆಗೆದೆ. ಎದ್ದು ನೋಡಿದರೆ ಹಿಡಿದದ್ದು ಎಷ್ಟೋ ಅಷ್ಟೇ. ಹೊಟ್ಟೆ ತುಂಬಿದ ನೆಂಟರ ಹಾಗೆ, ಇನ್ನೊಂದು ತುತ್ತು ಬೇಡವಂತೆ! ಸಂಪಿನಲ್ಲಿ ನೀರು ಕಡಿಮೆ ಇತ್ತು. ತೊಳೆಯುವ ಶಾಸ್ತ್ರವನ್ನು ಕೈಬಿಟ್ಟು, ನೇರ ಮೈನಸ್ ಬಟ್ಟಲಿಗೆ ಹಾಕಿದೆ. ಬಟ್ಟಲ ತುಂಬ ಬಿಳಿ ಗಂಟು!

"ಏನ್ರೀ ಇದು, ಹಾಲು ಒಡೆದಂಗಿದೆ!" ಎಂದಳು ಗಿರಿಜಾ.

ಮಗಳಿಗೆ ಫೋನ್ ಮಾಡಿದೆ. "ಸುಮ್ನೆ ಕೇಳ್ತಿದೀನಮ್ಮಾ, ನಡುವೆ ತೊಳೀದಿದ್ರೆ ಏನಾಗುತ್ತೆ?"

"ಅಂಟದೆ ಉಳಿದಿರೋ ಪ್ಲಸ್ಸೆಲ್ಲ ಮೈನಸ್ ಬಟ್ಟಲಿಗೆ ಹೋಗಿ, ಅಲ್ಲಲ್ಲೇ ಜೋಡಿ ಕಟ್ಕೊಂಡು ಗಂಟಾಗುತ್ತೆ. ಯಾಕಪ್ಪಾ?"

"ಜನರಲ್ ನಾಲೆಡ್ಜು!"

ಗಂಟು ಚೆಲ್ಲಿ, ಉಳಿದ ದ್ರವದಲ್ಲಿ ಮತ್ತೆ ಶುರುಮಾಡಿದೆ. ಅದ್ದು, ತೊಳೆ, ಅದ್ದು, ತೊಳೆ. ಸಂಪು ಬರಿದಾಯಿತು.

"ನಾಳೆ ಸ್ನಾನಕ್ಕೇನ್ರೀ ಮಾಡೋದು?"

"ಮಗಳ ನಿಶ್ಚಿತಾರ್ಥಕ್ಕಿಂತ ನಿನ್ನ ಸ್ನಾನ ಹೆಚ್ಚಾ?"

ಫಲ ಸಿಕ್ಕಿತು ಸ್ವಾಮಿ! ನಿಶ್ಚಿತಾರ್ಥದ ಬೆಳಗ್ಗೆ ಸೀಬೆಗಳು ಆಗತಾನೆ ಕೊಯ್ದಂತೆ ಫಳಫಳ ಹೊಳೆಯುತ್ತಿದ್ದವು. ಕುಣಿಗಲ್‌ವರೆಗೂ ತಟ್ಟೆಯನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ಹೋದೆ.

ಹುಡುಗನ ಅಜ್ಜಿ, ಹಣೆತುಂಬ ವಿಭೂತಿಯ ಹಿರಿಯಾಕೆ, ಒಂದು ಹಣ್ಣನ್ನು ತಿರುಗಿಸಿ ನೋಡಿದರು. "ಏನ್ ಬೀಗ್ರೇ, ಈಗ ಕಿತ್ತಂಗೈತಲ್ಲ!"

"ವಾರದ್ದು ಅಜ್ಜೀ!" ಎಂದು ಶುರುಮಾಡಿ, ಪ್ಲಸ್ಸು, ಮೈನಸ್ಸು, ತಬ್ಬಿಕೊಳ್ಳುವ ದಾರಗಳ ಬಗ್ಗೆ ಸಭೆಗೆ ಉಪನ್ಯಾಸವನ್ನೇ ಕೊಟ್ಟೆ. ಪುರೋಹಿತರೂ ತಲೆದೂಗಿದರು.

"ಆ ಪ್ಲಸ್ಸು ಅಂದ್ರಲ್ಲ, ಅದುನ್ನ ಯಾತ್ರಲ್ಲಿ ಮಾಡ್ತಾರೆ?" ಅಜ್ಜಿ ಕೇಳಿದರು.

ಹೆಮ್ಮೆಯಿಂದ ಮಗಳತ್ತ ತಿರುಗಿದೆ. ಅವಳ ಮುಖ ಬಿಳುಚಿಕೊಂಡಿತ್ತು. "ಅಪ್ಪಾ... ನನ್ನ ಬಾಟ್ಲಿ ತಗೊಂಡ್ರಾ?"

"ಸಂಕೋಚ ಬೇಡ, ಹೇಳಮ್ಮಾ!"

"ಸೀಗಡಿ ಚಿಪ್ಪಿಂದ."

ಮೊಟ್ಟೆ ಹಾಕಿದ ಕೇಕನ್ನೂ ಹೊಸ್ತಿಲು ದಾಟಿಸದ ಮನೆ ಅದು. ನಮ್ಮದೂ ಅಷ್ಟೇ! ಅಜ್ಜಿ ಹಣ್ಣನ್ನು ಎರಡೇ ಬೆರಳಲ್ಲಿ ಹಿಡಿದು ತಟ್ಟೆಗೆ ಇಳಿಸಿದರು. ಮಗಳ ಕಣ್ಣಲ್ಲಿ ನೀರಾಡಿತು.

ನಾನು ಬಿಡಲಿಲ್ಲ. ಮೈನಸ್ಸಿನ ಬಗ್ಗೆ ಆ ಭಾನುವಾರ ಮಗಳು ಹೇಳಿದ್ದರಲ್ಲಿ ಅದೊಂದು ನೆನಪಿತ್ತು. "ಇನ್ನೊಂದು ಬಾಟಲಿ ಕಡಲಪಾಚೀದು! ಶುದ್ಧ ಸಸ್ಯಾಹಾರಿ! ಮೇಲಿನ ಪದರ ಅದೇ!"

ಗಿರಿಜಾ ನನ್ನ ಶಲ್ಯ ಹಿಡಿದೆಳೆದು ಕೂರಿಸಿದಳು.

ಕೊನೆಗೆ ಅಜ್ಜಿಯೇ ಮೊಮ್ಮಗನ ಕಡೆ ತಿರುಗಿದರು. "ಇಷ್ಟು ಜನದೆದ್ರು ಹುಡ್ಗಿ ಮುಚ್ಚಿಡ್ಲಿಲ್ಲ ನೋಡ್ಲಾ. ಇಂಥೋಳೇ ಬೇಕು ನಮ್ಗೆ. ತಟ್ಟೆ ಮಾತ್ರ ಅವ್ರಪ್ಪಂಗೇ ಇರ್ಲಿ ಬುಡು!"

ಗಿರಿಜಾ ತಾನೇ ಹೋಗಿ ಬಸ್‌ಸ್ಟ್ಯಾಂಡಿನಿಂದ ಹಣ್ಣು ತಂದಳು. ನಿಶ್ಚಿತಾರ್ಥ ನಡೆಯಿತು.

ನನ್ನ ಸೀಬೆಗಳು ಮನೆಯಲ್ಲಿ ಇನ್ನೂ ಹೊಳೆಯುತ್ತಿವೆ. ಪ್ರಯೋಗ ಗೆದ್ದಿತೋ ಇಲ್ಲವೋ, ನೀವೇ ಹೇಳಿ! ತಿನ್ನುವವರಿಲ್ಲ, ಅಷ್ಟೇ. ನಾನೂ ತಿಂದಿಲ್ಲ.

ಮದುವೆಗೆ ನನಗೊಂದು ಜವಾಬ್ದಾರಿ ಕೊಟ್ಟಿದ್ದಾರೆ: ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಚಿಮುಕಿಸುವುದು. ಪನ್ನೀರನ್ನು ಗಿರಿಜಾಳೇ ತರುತ್ತಾಳಂತೆ!