ನಲವತ್ತೆಂಟು ರೀವಗಳು

ಎಲ್ಲ ಶುರುವಾದದ್ದು ಒಂದು ಹಾಳೆಯಿಂದ. ಪ್ರತಿ ಜನವರಿಯಲ್ಲಿ ಜಲಾಶಯದ ಕಚೇರಿಗೆ ಪಕ್ಷಿ ಸಂಘದವರ ನಮೂನೆಯೊಂದು ಬರುತ್ತಿತ್ತು: ನಿಮ್ಮ ನೀರಿನ ಮೇಲೆ ಯಾವ ಯಾವ ರೀವ ಹಕ್ಕಿ ಕಂಡವು, ಎಷ್ಟು ಕಂಡವು? ರೀವ ಎಂದರೆ ಚೂಪು ರೆಕ್ಕೆ, ಕವಲು ಬಾಲದ, ಹಾರುತ್ತ ಹಾರುತ್ತಲೇ ಮೀನಿಗೆ ಎರಗುವ ಬಿಳಿ ಹಕ್ಕಿ. ಗುಮಾಸ್ತ ಕಿಟಕಿಯತ್ತ ಕತ್ತನ್ನೂ ತಿರುಗಿಸುತ್ತಿರಲಿಲ್ಲ. ಹೋದ ವರ್ಷದ ಪ್ರತಿ ತೆಗೆದು, ಅದರಲ್ಲಿ ನಲವತ್ತೆಂಟು ಅಂತಿದ್ದರೆ ಐವತ್ತೊಂದು ಮಾಡಿ, ಅದರ ಮುಂದಿನ ವರ್ಷ ಮತ್ತೆ ನಲವತ್ತೆಂಟಕ್ಕೆ ಇಳಿಸಿ, ಮೊಹರು ಒತ್ತಿ ಕಳಿಸುತ್ತಿದ್ದ. ಬೇಸರವಾದ ವರ್ಷ ಪುಸ್ತಕ ನೋಡಿ ಒಂದೆರಡು ಹೊಸ ಜಾತಿಯನ್ನೂ ಸೇರಿಸಿದ್ದುಂಟು. ಹೀಗೆ ಹನ್ನೊಂದು ವರ್ಷ ಸುಖವಾಗಿ ಕಳೆದವು.

ಆ ಬೆಳಿಗ್ಗೆ ಇಂಜಿನಿಯರ್ ಸಾಹೇಬರು ಕರೆದರು.

"ಏನ್ರೀ, ಇಷ್ಟು ದಿನ ಎಲೆಮರೆ ಕಾಯಿಯ ಹಾಗಿದ್ದುಬಿಟ್ರಲ್ಲ! ನಮ್ಮಲ್ಲಿ ಒಂಬತ್ತು ಜಾತಿ ರೀವ ಇದೆಯಂತೆ. ಏಷ್ಯಾದ ಪಟ್ಟಿಯಲ್ಲೇ ನಮ್ಮ ಕೆರೆ ಮುಂದಂತೆ. ಪಕ್ಷಿ ಸಂಘದ ಅಧ್ಯಕ್ಷೆ ಹತ್ತೂವರೆಗೆ ಬರ್ತಿದ್ದಾರೆ. ನೀವೇ ಗುರುತು ಹಿಡಿದು ತೋರಿಸ್ಬೇಕಂತೆ."

ಗುಮಾಸ್ತ ಮೇಜಿನ ಮೇಲೆಲ್ಲ ಕಣ್ಣಾಡಿಸಿದ. "ಸರ್, ನನ್ನ ವರ್ಗಾವಣೆ ಅರ್ಜಿ..."

"ಮೇಜಿನ ಮೇಲೇ ಇದೆ. ಅವರು ಸಂತೋಷವಾಗಿ ಹೋಗ್ಲಿ, ಆಮೇಲೆ ನೋಡೋಣ."

ಆ ಅರ್ಜಿಯೇ ಅವನ ಪ್ರಾಣ. ಹೆಂಡತಿ ಪಟ್ಟಣದಲ್ಲಿ ಟೀಚರು. ನಡುವೆ ನಾಲ್ಕು ಗಂಟೆಯ ಬಸ್ಸಿನ ದಾರಿ. ಮದುವೆಯಾಗಿ ಮೂರು ವರ್ಷವಾದರೂ ಇಬ್ಬರೂ ಒಂದೇ ಸೂರಿನಡಿ ಇದ್ದ ದಿನಗಳನ್ನು ಒಂದು ಕ್ಯಾಲೆಂಡರಿನ ರಜಾದಿನಗಳ ಹಾಗೆ ಬಾಯಿಪಾಠ ಹೇಳಬಹುದಿತ್ತು.

ಸುದ್ದಿ ಕೇಳಿ ಟೈಪಿಸ್ಟ್ ಅಕ್ಕ ಬೀರುವಿನ ತಳದಿಂದ ಹಕ್ಕಿ ಪುಸ್ತಕ ಎಳೆದು ತಂದಳು. "ನೀನು ಉಸಿರಾಡ್ಕೋ, ನಾನು ಓದ್ತೀನಿ. ದೊಡ್ಡದು, ಹಳದಿ ಕೊಕ್ಕು ಇದ್ರೆ ನದಿ ರೀವ. ದಪ್ಪ ಕಪ್ಪು ಕೊಕ್ಕಿಂದು ಇನ್ನೊಂದು. ತೀರಾ ಪುಟ್ಟದು ಕಿರು ರೀವ. ಕೆನ್ನೆಯಲ್ಲಿ ಬಿಳಿ ಪಟ್ಟೆ ಇದ್ರೆ ಮೀಸೆ ರೀವ."

"ಇಷ್ಟೇ ತಾನೆ?"

"ತಾಳು. ಮೀಸೆ ರೀವಕ್ಕೆ ಚಳಿಗಾಲದಲ್ಲಿ ಮೀಸೆ ಇರಲ್ಲವಂತೆ."

"ಈಗ ಯಾವ ಕಾಲ ಅಕ್ಕ?"

"ಚಳಿಗಾಲ ಕಣೋ."

ಗುಮಾಸ್ತ ಕುರ್ಚಿಯಲ್ಲಿ ಒದ್ದೆ ಬಟ್ಟೆಯಂತೆ ಕುಸಿದ.

ಆಗ ಕೈ ಹಿಡಿದವನು ಕಾವಲುಗಾರ. ಕಚೇರಿಗೆಲ್ಲ ಅವನು 'ಮಾವ'. ಮೂವತ್ತು ವರ್ಷದಿಂದ ಕಟ್ಟೆಯ ಮೇಲೆ ಕೂತು, ಯಾವ ಹಕ್ಕಿ ಹೇಗೆ ತಿರುಗುತ್ತದೆ, ಹೇಗೆ ಎರಗುತ್ತದೆ ಎಂದು ನೆಂಟರಿಷ್ಟರನ್ನು ಬಲ್ಲ ಹಾಗೆ ಬಲ್ಲವನು.

"ಹೆದರ್ಬೇಡ ಅಳಿಯಾ. ನಾನು ಪಕ್ಕದಲ್ಲಿ ನಿಲ್ತೀನಿ. ಮೀಸೆ ತಿರುವಿದ್ರೆ ಮೀಸೆ ರೀವ. ಮೂಗು ಮುಟ್ಟಿದ್ರೆ ದಪ್ಪ ಕೊಕ್ಕಿಂದು. ಗದ್ದ ಮುಟ್ಟಿದ್ರೆ ನದಿ ರೀವ. ತಲೆ ಕೆರೆದ್ರೆ ಕಿರು ರೀವ. ಮಿಕ್ಕ ಐದು ಇಲ್ಲಿ ಇಲ್ವೇ ಇಲ್ಲ. ಅದಕ್ಕೆ ನೀನುಂಟು, ದೇವರುಂಟು."

ಅಧ್ಯಕ್ಷೆ ಮೇಡಂ ಬಂದರು. ಪುಟ್ಟ ದೇಹ, ನೆರೆತ ಕೂದಲು, ಕೊರಳಲ್ಲಿ ದುರ್ಬೀನು. ಕಟ್ಟೆ ಹತ್ತಿದ ಕೂಡಲೇ ಫ್ಲಾಸ್ಕಿನ ಚಹಾದ ಮೊದಲ ಲೋಟವನ್ನು ಕಾವಲುಗಾರನ ಕೈಗಿಟ್ಟರು. ಎರಡನೆಯದನ್ನು ನಡುಗುತ್ತಿದ್ದ ಗುಮಾಸ್ತನಿಗೆ ಕೊಟ್ಟು, "ಗಾಳಿ ಜಾಸ್ತಿ, ಅಲ್ವಾ?" ಎಂದರು.

ಒಂದು ಹಕ್ಕಿ ಬಂತು. ಮಾವ ಗದ್ದ ಮುಟ್ಟಿದ. "ನದಿ ರೀವ!" ಇನ್ನೊಂದು ಬಂತು. ಮಾವ ಮೀಸೆ ತಿರುವಿದ. "ಮೀಸೆ ರೀವ!"

"ಅಬ್ಬಾ, ನಾನು ದುರ್ಬೀನು ಎತ್ತೋದ್ರೊಳಗೆ ಹೇಳಿಬಿಟ್ರಲ್ಲ!" ಎಂದರು ಮೇಡಂ. "ನೀವು ಹಕ್ಕಿ ಕಡೆ ನೋಡೋದೇ ಇಲ್ಲವಲ್ಲ?"

"ರೆಕ್ಕೆ ಸದ್ದಿನಲ್ಲೇ ಗೊತ್ತಾಗುತ್ತೆ ಮೇಡಂ."

ಹೀಗೆ ಮುಕ್ಕಾಲು ಗಂಟೆ ಮದುವೆ ದಿಬ್ಬಣದಂತೆ ಸಾಗಿತು. ಅಷ್ಟರಲ್ಲಿ ಮಾವ ಹೋಗಿ ಕೆಂಪಿರುವೆ ಗೂಡಿನ ಮೇಲೆ ನಿಂತ. ಮೊದಲು ಮೂಗು ಹಿಡಿದ. ಆಮೇಲೆ ಗದ್ದ. ಆಮೇಲೆ ಎರಡೂ ಕೈಯಿಂದ ತಲೆ ಪರಪರ ಕೆರೆಯುತ್ತ ಒಂಟಿ ಕಾಲಲ್ಲಿ ಕುಣಿಯತೊಡಗಿದ.

"ದಪ್ಪ ಕೊಕ್ಕಿಂದು! ನದಿ ರೀವ! ಕಿರು ರೀವ! ಅಯ್ಯಯ್ಯೋ, ಮೇಡಂ, ಕಿರು ರೀವಗಳ ಹಿಂಡೇ ಬಂತು!" ಎಂದು ಗುಮಾಸ್ತ ಕೂಗಿದ.

ಆಕಾಶದಲ್ಲಿ ಇದ್ದದ್ದು ಒಂದು ಕಾಗೆ.

ಮೇಡಂ ಕಾಗೆಯನ್ನು ನೋಡಿದರು, ಗುಮಾಸ್ತನನ್ನು ನೋಡಿದರು. ಮಾವನ ಕಾಲಿಗೆ ಹಚ್ಚಲು ಚೀಲದಿಂದ ಮುಲಾಮು ತೆಗೆದುಕೊಟ್ಟು, ಸಾಹೇಬರ ಕೋಣೆಯತ್ತ ನಡೆದರು.

ಹತ್ತು ನಿಮಿಷದಲ್ಲಿ ಟೈಪಿಸ್ಟ್ ಅಕ್ಕ ಏದುಸಿರು ಬಿಡುತ್ತ ಬಂದಳು. "ಕೆಲಸ ಕೆಟ್ಟಿತು ಕಣೋ! ಗಾಜಿನಾಚೆಯಿಂದ ಕಣ್ಣಾರೆ ನೋಡ್ದೆ. ಮೇಡಂ ನಿನ್ನ ವರ್ಗಾವಣೆ ಅರ್ಜಿ ಕಡೆ ಬೆರಳು ತೋರಿಸಿ ಏನೋ ಹೇಳಿದ್ರು, ಸಾಹೇಬ್ರು ತಲೆ ಆಡಿಸಿ ಪೆನ್ನು ತಗೊಂಡ್ರು. ಮೇಡಂಗೆ ನೀನು ಭಾರೀ ಹಿಡಿಸಿಬಿಟ್ಟಿದ್ದೀಯ. ಇಂಥವನನ್ನ ಕಳಿಸಬೇಡಿ ಅಂತ ಅರ್ಜೀನ ಹೊಡೆದು ಹಾಕಿಸ್ತಿದ್ದಾರೆ!"

ಗುಮಾಸ್ತನಿಗೆ ಮೂರು ವರ್ಷದ ಬಸ್ಸು, ಸ್ಟ್ಯಾಂಡಿನಲ್ಲಿ ಕೈಬೀಸುವ ಹೆಂಡತಿ, ಎಲ್ಲ ಕಣ್ಣ ಮುಂದೆ ಬಂದವು. ತಾನು ಪಂಡಿತನಲ್ಲ, ಪೆದ್ದ ಎಂದು ಈಗಲೇ ಒಪ್ಪಿಕೊಂಡರೆ ಯಾರು ತಾನೇ ಇಟ್ಟುಕೊಂಡಾರು? ಬಾಗಿಲು ತಳ್ಳಿಕೊಂಡು ನುಗ್ಗಿದ.

"ಮೇಡಂ, ನನಗೆ ರೀವ ಯಾವುದು ಕಾಗೆ ಯಾವುದು ಗೊತ್ತಿಲ್ಲ! ಹನ್ನೊಂದು ವರ್ಷ ನಕಲು ಹೊಡೆದಿದ್ದೀನಿ. ಇವತ್ತು ಹೇಳಿದ್ದೆಲ್ಲ ಮಾವ ಹೇಳಿಕೊಟ್ಟಿದ್ದು. ನನ್ನಂಥ ಮೋಸಗಾರನನ್ನ ಇಲ್ಲಿ ಒಂದು ಕ್ಷಣ ಇಟ್ಕೋಬೇಡಿ!"

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಈ ವರ್ಷ ಅರವತ್ತೆರಡು ಕೆರೆ ಸುತ್ತಿದೀನಪ್ಪ. ಎಲ್ಲ ಕಡೆಯೂ ನಕಲೇ. ಹೀಗೆ ಬಂದು ನಿಜ ಹೇಳಿದವರು ನೀವೊಬ್ಬರೇ." ಆಮೇಲೆ ಸಾಹೇಬರ ಕಡೆ ತಿರುಗಿದರು. "ಒಂಟಿ ಕಾಗೇನ ರೀವಗಳ ಹಿಂಡು ಅನ್ನೋರು ಕೆರೆ ಹತ್ರ ಇರಬಾರದು, ಪಟ್ಟಣಕ್ಕೇ ಕಳಿಸಿ ಅಂತ ಅಂದಿದ್ದೆ. ನನ್ನ ಮಾತು ವಾಪಸು ತಗೋತೀನಿ. ಇಂಥ ಪ್ರಾಮಾಣಿಕರೇ ನಮ್ಮ ಎಣಿಕೆಗೆ ಬೇಕು. ಮಾವ ಕಲಿಸ್ತಾರೆ, ಇವರು ಬರೀತಾರೆ."

ಸಾಹೇಬರು ಸಹಿಯ ಮಸಿ ಇನ್ನೂ ಆರದಿದ್ದ ಅರ್ಜಿಯನ್ನು ಎತ್ತಿ, ಗುಮಾಸ್ತನಿಗೆ ನೋವಾಗದಿರಲಿ ಎನ್ನುವಂತೆ ಬಲು ಮೆಲ್ಲಗೆ ಹರಿದರು.

ಸಂಜೆ ಹೆಂಡತಿಯ ಫೋನು ಬಂತು. "ಸಾಹೇಬ್ರು ಸಹಿ ಹಾಕಿದ್ರಾ?"

"ಹಾಕಿದ್ರು."

"ಅಬ್ಬ, ಸದ್ಯ! ಯಾವತ್ತು ಬರ್ತೀರಾ?"

"ಸಹಿ ಹಾಕಿದ್ಮೇಲೆ ನಾನು ಬಾಯಿ ಬಿಟ್ಟೆ."

"ಏನಂತ ಬಿಟ್ರಿ?"

"ಹನ್ನೊಂದು ವರ್ಷದಲ್ಲಿ ಮೊದಲ ಸಲ, ನಿಜ ಹೇಳಿದೆ ಕಣೇ."