ನಮ್ಮ ಮಾವನ ಮೊಳಕೆ ಪರೀಕ್ಷೆ

ಜಗತ್ತಿನ ಟೆನಿಸ್ ಪಂದ್ಯಾವಳಿಗಳನ್ನೆಲ್ಲ ನಮ್ಮ ಸೋದರಮಾವನ ಕೈಗೆ ಕೊಟ್ಟಿದ್ದರೆ, ಆಟಗಾರರು ರಾಕೆಟ್ ಬಿಟ್ಟು ಒದ್ದೆ ಬಟ್ಟೆ ಹಿಡಿದು ನಿಲ್ಲಬೇಕಾಗುತ್ತಿತ್ತು. ನಗಬೇಡಿ. ನಜರ್‌ಬಾದಿನ ನಮ್ಮ ಬೀದಿಯ ಕೇರಂ ಪಂದ್ಯಾವಳಿಗೆ ನಾನೇ ಹಾಗೆ ನಿಂತಿದ್ದೇನೆ!

ಮಾವ ಮಂಡಿ ಮೊಹಲ್ಲಾದಲ್ಲಿ ಮೂವತ್ತು ವರ್ಷ ಬಿತ್ತನೆ ಬೀಜ ಮಾರಿದವರು. ಬಲಶಾಲಿಗಳು ಮೊದಲ ಸುತ್ತಿನಲ್ಲೇ ಹೊಡೆದಾಡಿಕೊಳ್ಳದಂತೆ ಪಟ್ಟಿಯಲ್ಲಿ ದೂರ ದೂರ ಇಡುವುದಕ್ಕೆ ‘ಸೀಡಿಂಗ್’ ಅನ್ನುತ್ತಾರೆಂದು ಟೀವಿಯಲ್ಲಿ ಕೇಳಿದ್ದೇ ತಡ, ಕುರ್ಚಿಯಿಂದ ಎದ್ದುಬಿಟ್ಟರು.

“ಇದು ನಮ್ ಕಸುಬು ಕಣೋ. ಒತ್ತೊತ್ತಾಗಿ ಬಿತ್ತುಬುಟ್ರೆ ಒಂದರ ಗೊಬ್ಬರ ಇನ್ನೊಂದು ತಿನ್ನುತ್ತೆ. ಅದ್ಕೇ ದೂರ ಇಡೋದು.”

“ಸರಿ ಮಾವ, ಯಾರು ಬಲಶಾಲಿ ಅಂತ ಹೇಗೆ ಗೊತ್ತಾಗುತ್ತೆ?”

“ಬೀಜದ್ದು ಎಂಗೆ ಗೊತ್ತಾಗುತ್ತೆ? ಅಂಗೇ.”

ಮರುದಿನ ತಾವೇ ನಡೆಸುವ ಕೇರಂ ಪಂದ್ಯಾವಳಿಯ, ತಾವೂ ಅತ್ತೆಯೂ ಸೇರಿದ ಹದಿನಾರು ಆಟಗಾರರಿಗೂ ತಲಾ ಹತ್ತು ಅವರೆಕಾಳು ಹಂಚಿದರು. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೂರು ದಿನ ಬಿಟ್ಟು ತರಬೇಕು. ಮೊಳಕೆ ಹೆಚ್ಚಿದಷ್ಟೂ ಮೇಲಿನ ಸ್ಥಾನ. ಬಟ್ಟೆ ಒಣಗದಂತೆ ನೋಡಿಕೊಳ್ಳುವ ತಾಳ್ಮೆಯಿಲ್ಲದವನು ಕಾಯಿನ್ ಏನು ಹೊಡೆದಾನು ಎಂಬುದು ಅವರ ವಾದ. ಎದುರುಮನೆ ಮೇಷ್ಟ್ರ ಹೆಂಡತಿ ಕಾಳನ್ನು ಸಾರಿಗೆ ಹಾಕಿಬಿಟ್ಟರು; ಮೇಷ್ಟ್ರು ಔಟ್. ಮೂಲೆಮನೆಯ ಮೆಕ್ಯಾನಿಕ್ ಮಾರ್ಕೆಟ್ಟಿನಿಂದ ರೆಡಿ ಮೊಳಕೆ ತಂದು ಸಿಕ್ಕಿಬಿದ್ದ. ತಂದದ್ದು ಹೆಸರುಕಾಳು! ನನ್ನದು? ಹತ್ತರಲ್ಲಿ ಎರಡು. ಜೊಳ್ಳು ಎಂದು ನನ್ನನ್ನು ಪಟ್ಟಿಯ ತಳಕ್ಕೆ ತಳ್ಳಿದರು.

ಹತ್ತಕ್ಕೆ ಹತ್ತೂ ಮೊಳೆತದ್ದು ಇಬ್ಬರದು, ಮಾವನದು ಮತ್ತು ಅತ್ತೆಯದು. ಮದುವೆಯಾದಾಗಿನಿಂದ ದಿನಾ ಊಟವಾದ ಮೇಲೆ ಇಬ್ಬರೂ ಕೇರಂ ಆಡುತ್ತಿದ್ದರು. ಕಳೆದ ವರ್ಷ ಅತ್ತೆಗೆ ಪಾರ್ಶ್ವವಾಯು ಬಡಿದು ಬಲಗೈ ನಡುಗತೊಡಗಿದ ಮೇಲೆ ಅದು ನಿಂತುಹೋಗಿತ್ತು. ಮಾವ ನಿಯಮದ ಪ್ರಕಾರ ತಮ್ಮಿಬ್ಬರನ್ನೂ ಪಟ್ಟಿಯ ಎರಡು ತುದಿಗೆ ಹಾಕಿ, “ಫೈನಲ್‌ನಲ್ಲಿ ಸಿಗೋಣ ಕಣೇ” ಅಂದರು.

ಅತ್ತೆ ಪಟ್ಟಿಯನ್ನೇ ನೋಡುತ್ತಾ ಕೂತರು.

“ಅಲ್ಲಿ ತನಕ ಈ ಕೈ ಎಲ್ಲಿ ಬರುತ್ತೇರೀ? ಮೊದಲ್ನೇ ಆಟದಲ್ಲೇ ಯಾರಿಗೋ ಸೋತು ಎದ್ದು ಬರ್ತೀನಿ. ನಂಗೆ ನಿಮ್ ಜೊತೆ ಒಂದ್ಸಲ ಆಡ್ಬೇಕಿತ್ತು, ಅಷ್ಟೇ.”

ಮಾವ ರಬ್ಬರ್ ತೆಗೆದುಕೊಂಡು ತಮ್ಮ ಹೆಸರು ಅಳಿಸಿ, ಅತ್ತೆಯ ಹೆಸರಿನ ಎದುರಿಗೇ ಬರೆದರು. ಮೊದಲ ಸುತ್ತು, ಮೊದಲ ಆಟ. ನಿಯಮ ಮೂಲೆಗೆ ಬಿತ್ತು.

ಆ ಆಟ ಎರಡು ಗಂಟೆ ನಡೆಯಿತು. ಸ್ಟ್ರೈಕರ್ ಅತ್ತೆಯ ಬೆರಳಿನಿಂದ ಜಾರಿದಾಗಲೆಲ್ಲ ಮಾವ ಎತ್ತಿ ಗೆರೆಯ ಮೇಲಿಟ್ಟು, “ಅವಸರ ಇಲ್ಲ, ಹೊಡಿ” ಅನ್ನುತ್ತಿದ್ದರು. ಸುತ್ತ ಕಾಯುತ್ತಿದ್ದ ನಾವ್ಯಾರೂ ಗಡಿಯಾರ ನೋಡಲಿಲ್ಲ.

ಕೊನೆಯ ಕಾಯಿನ್ ಅತ್ತೆಯೇ ಹಾಕಿದರು. ಮಾವ ತಮ್ಮದೇ ಪಂದ್ಯಾವಳಿಯಿಂದ ಮೊದಲ ಸುತ್ತಿನಲ್ಲೇ ಔಟಾದರು. ಅಷ್ಟು ಸಂತೋಷವಾಗಿ ಸೋತವರನ್ನು ನಾನು ಇವತ್ತಿನವರೆಗೂ ನೋಡಿಲ್ಲ.