ಟಕ್ ಅಂದ ಮೇಲೂ ಎರಡು ಲೀಟರ್

ಶಿರಸಿಯಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜು ಇಟ್ಟಿದ್ದೇನೆ. ಕಾರು ರಿಪೇರಿ ಮೂರು ವರ್ಷದಲ್ಲಿ ಕಲಿತೆ. ಕಾರಿನ ಯಜಮಾನರನ್ನು ರಿಪೇರಿ ಮಾಡುವುದು ಇನ್ನೂ ಬಂದಿಲ್ಲ. ಹೆಗಡೆಕಟ್ಟಾದ ನಿವೃತ್ತ ಮೇಷ್ಟ್ರೊಬ್ಬರ ಕಾರು ಬಂದಾಗಲೆಲ್ಲ ಇದು ನೆನಪಾಗುತ್ತದೆ.

೧. ಉಪವಾಸದಲ್ಲಿ ಗಟ್ಟಿ

"ಪೆಟ್ರೋಲ್ ಹಾಕಿಸಿದ ಕೂಡ್ಲೆ ಸ್ಟಾರ್ಟೇ ಆಗೋದಿಲ್ಲ ಮಾರಾಯಾ. ಉಪವಾಸ ಇದ್ದಾಗ ಸರಿ ಓಡ್ತದೆ" ಅಂದರು.

ಬಿಚ್ಚಿ ನೋಡಿದರೆ ಪರ್ಜ್ ಪಂಪ್ ಹೋಗಿತ್ತು. ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ತಳ್ಳುವ ಪಂಪ್ ಅದು. ಟ್ಯಾಂಕು ಉಕ್ಕುವಷ್ಟು ತುಂಬಿ, ಆವಿ ಹೋಗುವ ದಾರಿಯಲ್ಲಿ ಪೆಟ್ರೋಲೇ ನುಗ್ಗಿದರೆ ಕೆಡುತ್ತದೆ.

"ಟ್ಯಾಂಕು ತುಂಬಿ ಬಂಕಿನ ಪೈಪು ಟಕ್ ಅಂದ ಮೇಲೂ ಹಾಕಿಸ್ತೀರಾ?"

"ಮತ್ತೆ? ಆಮೇಲೂ ಎರಡು ಲೀಟರ್ ಹಿಡೀತದೆ. ಒಳ್ಳೇ ಟ್ಯಾಂಕು!"

೨. ಮಾತಿಗೆ ತಪ್ಪದವರು

ಇನ್ನು ಟಕ್ ಅಂದಾಗಲೇ ನಿಲ್ಲಿಸುವುದಾಗಿ ಮಾತು ಕೊಟ್ಟು ಹೋದರು. ಎರಡೇ ತಿಂಗಳಿಗೆ ಹೊಸ ಪಂಪೂ ಹೋಯಿತು.

"ಟಕ್ ಅಂದಾಗ ನಿಲ್ಲಿಸಿದ್ರಾ ಮೇಷ್ಟ್ರೇ?"

"ನಿಲ್ಲಿಸ್ದೆ. ಕಾರನ್ನ ನಾಲ್ಕು ಸಲ ಅಲ್ಲಾಡಿಸಿ, ಉಳಿದದ್ದು ಮುಂದಿನ ಬಂಕಲ್ಲಿ ಹಾಕಿಸ್ದೆ. ಅಲ್ಲೂ ಟಕ್ ಅಂದ ಮೇಲೆ ಒಂದು ತೊಟ್ಟು ಹಾಕ್ಸಿದ್ರೆ ಕೇಳು!"

೩. ಭರಣಿ

ಮೂರನೇ ಸಲ ಪಂಪ್ ಕೆಟ್ಟು ಬಂದಾಗ ಟ್ಯಾಂಕಿನ ಮುಚ್ಚಳವೇ ಇರಲಿಲ್ಲ. ಯಲ್ಲಾಪುರದ ಬಂಕಿನಲ್ಲಿ ಮರೆತು ಬಂದಿದ್ದರಂತೆ. ಜೊತೆಗೆ ಬಂದಿದ್ದ ಅವರ ಹೆಂಡತಿ ಬಿಳಿ ಬಟ್ಟೆ ಮುಚ್ಚಿ ದಾರ ಬಿಗಿದಿದ್ದರು.

"ಧೂಳು ಹೋಗ್ತದಲ್ಲ ಅಮ್ಮಾ, ಪಂಪಿಗೆ ಅದೂ ಆಗೋದಿಲ್ಲ."

"ಉಪ್ಪಿನಕಾಯಿ ಭರಣಿಗೆ ಹೀಗೇ ಕಟ್ಟೋದು. ಎರಡು ವರ್ಷ ಇಟ್ರೂ ಹುಳ ಬಿದ್ದಿಲ್ಲ" ಅಂದರು ಆಯಮ್ಮ.

ಇಷ್ಟರಲ್ಲಿ ಮೇಷ್ಟ್ರು, ನಾನು ಡೂಪ್ಲಿಕೇಟ್ ಸಾಮಾನು ಹಾಕುತ್ತೇನೆ ಎಂದು ಪೇಟೆ ತುಂಬ ಹೇಳಿಕೊಂಡು ಬಂದಿದ್ದರು. ಇಪ್ಪತ್ತು ವರ್ಷದಿಂದ ಉಳಿಸಿಕೊಂಡ ಹೆಸರು ಈ ಅಂಗೈಯಗಲದ ಪಂಪಿನಿಂದ ಹೋಗಬೇಕೆ? ಮೂರನೇ ಪಂಪನ್ನು ಪುಕ್ಕಟೆ ಹಾಕಿ, ಹೊಸ ಮುಚ್ಚಳ ಕೂರಿಸಿ, ಬಂಕಿಗೆ ಅವರ ಜೊತೆಗೇ ಹೋದೆ. ಟಕ್ ಅಂದದ್ದೇ ಪೈಪು ತೆಗೆಸಿದೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮೇಷ್ಟ್ರು ಖುಷಿಯಾಗಿ ನನ್ನನ್ನು ಹಾಗೇ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು.

೪. ಜ್ಞಾನೋದಯ

ಆರನೇ ಹೋಳಿಗೆಗೆ ನಾನು ಎರಡೂ ಕೈಯಲ್ಲಿ ಎಲೆ ಮುಚ್ಚಿದೆ. ಆಯಮ್ಮ ಬೆರಳಿನ ಮೇಲೇ ಬಡಿಸಿದರು. "ಗಂಟಲಿನವರೆಗೆ ಬಂತಮ್ಮಾ" ಅಂದರೆ, "ಹಾಗೆಲ್ಲ ಹೇಳೋದೇ. ಇನ್ನೊಂದು ಹಿಡೀತದೆ" ಅಂದರು. ಅದನ್ನೂ ತಿಂದೆ. ಏಳಲು ಹೋದರೆ ಏಳಲಾಗಲಿಲ್ಲ. ಮೇಷ್ಟ್ರು ಎಡಗೈ ಹಿಡಿದು ಎಳೆದರು. ಕೂತಲ್ಲೇ ಇದ್ದೆ.

ಅವರು ನನ್ನನ್ನೇ ದಿಟ್ಟಿಸಿದರು. ಮುಖ ಅರಳಿತು. "ಓಹೋ! ಕಾರಿಗೂ ಹೀಗೇ ಆಗೋದು ಅನ್ನು!"

ನನಗೆ ಕಣ್ಣಲ್ಲಿ ನೀರೇ ಬಂತು. ಮೂರು ಪಂಪ್ ಹೋದರೂ ಚಿಂತಿಲ್ಲ, ಹೆಸರು ಉಳಿಯಿತಲ್ಲ.

ಮೇಷ್ಟ್ರು ಹೆಂಡತಿಯತ್ತ ತಿರುಗಿ ಗಟ್ಟಿಯಾಗಿ, "ಸಾಕೇ, ಇನ್ನು ಬಡಸಡ" ಅಂದರು.

ಆಯಮ್ಮ ಹೋಳಿಗೆ ತಟ್ಟೆ ಕೆಳಗಿಟ್ಟು ಪಾಯಸದ ಸೌಟು ಎತ್ತಿಕೊಂಡರು. "ಹೋಳಿಗೆ ಬೇಡ, ಬಿಡಿ. ಇದು ನೀರು ನೀರು. ಸಂದಿಯಲ್ಲಿ ತನ್ನಷ್ಟಕ್ಕೇ ಇಳೀತದೆ."

ಮೇಷ್ಟ್ರು ಒಂದು ಗಳಿಗೆ ಯೋಚಿಸಿ, "ಅದೂ ಹೌದು" ಅಂದರು.

ನಾನು ಎಲೆಯ ಮುಂದೆಯೇ ಕೂತು, ಎಡಗೈಯಲ್ಲಿ ಹುಬ್ಬಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಹಚ್ಚಿ ನಾಲ್ಕನೇ ಪಂಪಿಗೆ ಹೇಳಿದೆ.